ತೂಕ ನೋಡದ ಮರಿ

ಸೌದೆ ಎಳೆಯಲು ಬಗ್ಗಿದವಳು ಹಾಗೇ ನಿಂತೆ.
ಜಾಲಿ ಒಟ್ಟಿಲಿನ ಹಿಂದೆ, ಬಚ್ಚಲ ನೀರು ಹರಿದು
ಬಸಳೆ ಬಳ್ಳಿ ಬೇಲಿ ಹತ್ತಿದ ಮೂಲೆಯಲ್ಲಿ
ಯಾರೋ ಮಡಚಿಟ್ಟು ಮರೆತ ಕಂದು ಶಾಲು.
ಶಾಲಿಗೆ ಕಿವಿ.
ಕಿವಿಯ ಹಿಂದಿನಿಂದ ಬಿಸಿಲು ಬಿದ್ದು
ಒಳಗಿನ ನರವೆಲ್ಲ ಕಾಣುತ್ತಿತ್ತು.

"ಜಿಂಕೆಮರಿ!" ಅಂದ ಎದುರುಮನೆ ದಸ್ತಗೀರ.
"ಜಿಂಕೆಯಲ್ಲೋ, ಕೊಂಡುಕುರಿ," ಅಂದ ಗಾದ್ರಪ್ಪಮಾವ,
ರಂಗಯ್ಯನದುರ್ಗದ ಕಾಡಿನಲ್ಲಿ ಇಪ್ಪತ್ತೆರಡು ವರ್ಷ
ದಿನಗೂಲಿ ವಾಚರಾಗಿ
ಪರ್ಮನೆಂಟ್ ಆಗದೆಯೇ ಮನೆ ಸೇರಿದವನು.
"ಗಂಡಾದ್ರೆ ನಾಕು ಕೊಂಬು ಬರ್ತಾವೆ ಇದಕ್ಕೆ.
ಎರಡು ಎಲ್ಲಾರಿಗೂ ಕಾಣಾಕೆ.
ಇನ್ನೆರಡು..." ಎಂದು ತನ್ನ ಹಣೆ ಮುಟ್ಟಿಕೊಂಡು
ಏನೋ ನೆನಪಾಗಿ ಸುಮ್ಮನಾದ.

ನಾನು ಅಂಗನವಾಡಿ ಟೀಚರು.
ತಿಂಗಳಿಗೆ ಮೂವತ್ತೇಳು ಕೂಸುಗಳನ್ನು
ಕೊಕ್ಕೆಗೆ ನೇತುಹಾಕಿದ ತಕ್ಕಡಿಯ ಚಡ್ಡಿಯೊಳಗೆ ಇಳಿಸುತ್ತೇನೆ.
ಕಿರುಚುತ್ತವೆ, ಒದೆಯುತ್ತವೆ, ಉಚ್ಚೆ ಹೊಯ್ಯುತ್ತವೆ.
ಮುಳ್ಳು ನಿಲ್ಲುವ ತನಕ ನನ್ನ ಉಸಿರೂ ನಿಂತಿರುತ್ತದೆ.
ಹಸಿರು, ಹಳದಿ, ಕೆಂಪು.
ಕೆಂಪು ಬಂದರೆ ತಾಯಿ ನೆಲ ನೋಡುತ್ತಾಳೆ,
ನಾನು ರಿಜಿಸ್ಟರ್ ನೋಡುತ್ತೇನೆ.

ಹಾಗಾಗಿ ಕೈ ತಾನೇ ಮುಂದೆ ಹೋಯಿತು.
ಎಷ್ಟಿದ್ದೀತು? ಒಂದು ಕೆಜಿ, ಮೇಲೆ ನೂರು ಗ್ರಾಂ?
ನಮ್ಮ ಚಾರ್ಟಿನಲ್ಲಿ ಅದು ಕೆಂಪಿಗೂ ಕೆಳಗೆ,
ಗೆರೆಯೇ ಇಲ್ಲದ ಬಿಳಿ ಅಂಚಿನಲ್ಲಿ.
ಅದರ ಚಾರ್ಟಿನಲ್ಲಿ, ಯಾರು ಕಂಡವರು,
ಮೈ ತುಂಬಿದ ಕೂಸು.

"ಮುಟ್ಟಬ್ಯಾಡ, ತಗಿ ಕೈಯ," ಅಂದ ಮಾವ.
"ಬಿಟ್ಟು ಹೋಗಿಲ್ಲ ಕಣವ್ವ. ಇಟ್ಟು ಹೋಗೈತೆ."

ಬಿಟ್ಟು. ಇಟ್ಟು.
ಮೊನ್ನೆ ಹೊನ್ನೂರಮ್ಮನಿಗೆ ಬೈದಿದ್ದೆ,
ಈರುಳ್ಳಿ ಕೀಳುವ ಹೊಲದ ಬದುವಿನಲ್ಲಿ,
ಹೊಂಗೆಮರದ ನೆರಳಿಗೆ, ಮೂರು ತಿಂಗಳ ಮಗುವನ್ನು
ಹಿಂಗಾ ಬಿಟ್ಟು ಹೋಗೋದು? ಎಂದು.
ಅವಳು ಮಾತಾಡಲಿಲ್ಲ.
ಅವಳ ರವಿಕೆ ಎದೆಯ ಹತ್ತಿರ ಒದ್ದೆಯಾಗಿತ್ತು.

ಹಗಲೆಲ್ಲ ಮನೆ ಪಿಸುಮಾತಿನಲ್ಲಿ ನಡೆಯಿತು.
ನಾಯಿಯನ್ನು ದಸ್ತಗೀರ ತಮ್ಮ ಮನೆಯಲ್ಲಿ ಕಟ್ಟಿಕೊಂಡ.
ಸಾಸಿವೆ ಸಿಡಿದರೂ ಬೆದರೀತೆಂದು
ಒಗ್ಗರಣೆ ಇಲ್ಲದ ಸಾರು, ಮುದ್ದೆ.
ಯಾರೋ ಫೀಡಿಂಗ್ ಬಾಟಲಿ ತಂದರು,
ಯಾರೋ ಮೊಬೈಲು ತಂದರು,
ಮಾವ ಇಬ್ಬರನ್ನೂ ಬಾಗಿಲಿನಿಂದಲೇ ಕಳಿಸಿದ.
ಫಾರೆಸ್ಟಿನವರ ಜೀಪು ಜಗಳೂರು ಬಿಟ್ಟಿದೆಯಂತೆ,
ಬಿಟ್ಟಿಲ್ಲವಂತೆ.
ಮರಿ ಮಾತ್ರ ಒಮ್ಮೆಯೂ ಏಳಲಿಲ್ಲ.
ಒಂದು ನೊಣ ಅದರ ಕಣ್ಣಂಚಿನಲ್ಲಿ ಕೂತಿತ್ತು,
ರೆಪ್ಪೆ ಕೂಡ ಬಡಿಯಲಿಲ್ಲ.
ಅಷ್ಟು ಚೆನ್ನಾಗಿ ಹೇಳಿ ಹೋಗಿದ್ದಳು ಅವಳು.

ಕತ್ತಲಾಯಿತು. ದೀಪ ಹಚ್ಚಲಿಲ್ಲ.
ಬಚ್ಚಲ ಕಿಟಕಿಗೆ ಗಲ್ಲ ಆನಿಸಿ ಕೂತೆ.
ಚಳಿಗೆ ಹಲ್ಲು ಕಟಕಟ ಅನ್ನುವುದು ಕೇಳೀತೆಂದು
ಸೆರಗು ಕಚ್ಚಿಕೊಂಡೆ.
ಎಷ್ಟೋ ಹೊತ್ತಿಗೆ ಬೇಲಿಯಾಚೆ ಯಾರೋ ಸೀನಿದ ಹಾಗಾಯಿತು.
ಒಣಗಿದ ತೊಗರಿಕಡ್ಡಿ ಮುರಿಯಿತು, ಒಂದು. ಮತ್ತೊಂದು.
ಆಮೇಲೆ ಏನೂ ಇಲ್ಲ.
ಆಮೇಲೆ ಆ ಸದ್ದು, ತೊಟ್ಟು ಸಿಕ್ಕ ಬಾಯಿಯದು,
ಗಂಟಲಿಗಿಳಿಯುವ ಗುಟುಕು ಗುಟುಕು.
ಏನೂ ಕಾಣಲಿಲ್ಲ ನನಗೆ.
ಕಂಡೆ ಎಂದು ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಬಸಳೆ ಬುಡದಲ್ಲಿ ಮೊರದಷ್ಟು ತಗ್ಗು,
ನಾಲ್ಕು ಹಿಕ್ಕೆ. ನಮ್ಮ ಹೇಟೆ ಕೋಳಿ
ತನ್ನದೇ ಜಾಗವೆಂಬಂತೆ ಕೆದರುತ್ತಿತ್ತು.

ಅಂದು ತೂಕದ ದಿನ.
ಹೊನ್ನೂರಮ್ಮ ಸಾಲಿನ ಕೊನೆಗೆ ನಿಂತಿದ್ದಳು,
ಮಗುವನ್ನು ನನ್ನಿಂದ ಒಂದಿಷ್ಟು ಮರೆ ಮಾಡಿಕೊಂಡು.
"ಕೂತ್ಕ. ಮೊದಲು ಕುಡಿಸು," ಅಂದೆ.
"ಲೆಕ್ಕ ತಪ್ಪಾಗಕಿಲ್ವಾ ಟೀಚರ್?"

ಕೊಕ್ಕೆಯಲ್ಲಿ ಖಾಲಿ ಚಡ್ಡಿ ತೂಗಾಡುತ್ತಿತ್ತು.
ಪೆನ್ನಿನ ಟೊಪ್ಪಿ ಮುಚ್ಚಿ
ನಾನು ಕಿಟಕಿಯ ಕಡೆ ತಿರುಗಿ ಕೂತೆ.